ಗಡಿಯಾಚೆಯಿಂದ ಬಂದ ಸಾಕ್ಷಿ

‘ಸ್ಕೈ ಫೋರ್ಸ್’ ಸಿನಿಮಾಕ್ಕೆ ಪ್ರೇರಣೆಯಾದ ಪೈಲಟ್ ನಮ್ಮ ಕೊಡಗಿನವರು, ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ.

1965ರ ಸೆಪ್ಟೆಂಬರ್ 7ರಂದು ಆದಂಪುರದಿಂದ ಹೊರಟ ಮಿಸ್ಟೇರ್ ಫೈಟರ್-ಬಾಂಬರ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಿದವು. ಆಗ ದೇವಯ್ಯ ತಮ್ಮ ವಿಮಾನಕ್ಕಿಂತ ಬಹಳ ವೇಗದ ಸ್ಟಾರ್‌ಫೈಟರ್ ಜೊತೆ ಕಾದಾಡಿದರು. ಎರಡೂ ವಿಮಾನ ಬಿದ್ದವು. ಪಾಕ್ ಪೈಲಟ್ ಅಮ್ಜದ್ ಹುಸೇನ್ ಪ್ಯಾರಾಚೂಟ್‌ನಿಂದ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ.

ಅವರದು ಒಬ್ಬರೇ ಕೂರುವ ವಿಮಾನ. ನಡೆದದ್ದನ್ನು ಇಲ್ಲಿ ಬಂದು ಹೇಳುವವರು ಯಾರೂ ಇರಲಿಲ್ಲ. 1979ರಲ್ಲಿ ಇಂಗ್ಲೆಂಡಿನ ಜಾನ್ ಫ್ರಿಕರ್ ಪಾಕಿಸ್ತಾನದ ವಾಯುಯುದ್ಧದ ಬಗ್ಗೆ ಬರೆದ ಪುಸ್ತಕದಿಂದ ಈ ಕಾಳಗ ಬೆಳಕಿಗೆ ಬಂತು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಸಂದಿತು.

ಅಕೌಂಟೆನ್ಸಿಯಲ್ಲಿ ನಾವು ಡೆಬಿಟ್, ಕ್ರೆಡಿಟ್ ಎರಡೂ ಬದಿ ನೋಡುತ್ತೇವೆ. ಈ ವೀರನ ಲೆಕ್ಕ ತಾಳೆಯಾಗಲು ಆಚೆ ಬದಿಯ ಪುಟವೇ ಬೇಕಾಯಿತು. ಮಡಿಕೇರಿಗೆ ಟೂರ್ ಹೋದರೆ ಅವರ ಪ್ರತಿಮೆ ನೋಡಿ ಬನ್ನಿ.