ಚಾರಣದ ಬೂಟು

ಚಾರಣದ ಬೂಟು ಎಂದರೆ ಕಾಡು, ಬೆಟ್ಟ ಮತ್ತು ಕಲ್ಲುನೆಲದ ಮೇಲೆ ದೀರ್ಘಕಾಲ ನಡೆಯಲು ತಯಾರಿಸಲಾದ, ಕಾಲಿನ ಗಿಣ್ಣನ್ನು ಆವರಿಸುವ ಗಟ್ಟಿಮುಟ್ಟಾದ ಪಾದರಕ್ಷೆ. ಸೈನಿಕರು ಮತ್ತು ಬೇಟೆಗಾರರು ಧರಿಸುತ್ತಿದ್ದ ಚರ್ಮದ ಬೂಟುಗಳಿಂದ ಇದು ರೂಪುಗೊಂಡಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಭಾರತದಲ್ಲಿ ಬೇಟೆಯನ್ನು ನಿರ್ಬಂಧಿಸಿದ್ದು, ಇಂದು ಇಂತಹ ಬೂಟುಗಳನ್ನು ಮುಖ್ಯವಾಗಿ ಚಾರಣಿಗರು, ಅರಣ್ಯ ಸಿಬ್ಬಂದಿ ಮತ್ತು ಪಕ್ಷಿವೀಕ್ಷಕರು ಬಳಸುತ್ತಾರೆ. ಬೂಟಿನ ಬಾಳಿಕೆಯನ್ನು ಅದರ ತೂಕಕ್ಕಿಂತ ಹೆಚ್ಚಾಗಿ ಅಟ್ಟೆಯ ಜೋಡಣೆ, ನೆಲಕ್ಕೆ ಹೊಂದುವ ವಸ್ತು ಮತ್ತು ಪಾದಕ್ಕೆ ಸರಿಯಾದ ಅಳತೆ ನಿರ್ಧರಿಸುತ್ತವೆ.

ಹಿನ್ನೆಲೆ

ಬೆಂಗಳೂರಿನಲ್ಲಿ ಬೂಟಿನ ಬಳಕೆಯು ದಂಡು ಪ್ರದೇಶದೊಂದಿಗೆ ನಿಕಟ ಸಂಬಂಧ ಹೊಂದಿದೆ. ದಂಡು ಪ್ರದೇಶವು 1809ರಲ್ಲಿ ಸ್ಥಾಪನೆಯಾಯಿತು. ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಸೇನಾ ಎಂಜಿನಿಯರ್ ದಳದ ಕೇಂದ್ರವು ಹಲಸೂರು ಕೆರೆಯ ಬಳಿ ಇದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಬ್ರಿಟಿಷ್ ಸೇನೆಯಲ್ಲಿ ಬಳಕೆಯಲ್ಲಿದ್ದ ‘ಅಮ್ಯುನಿಷನ್ ಬೂಟಿನ’ ಚರ್ಮದ ಅಟ್ಟೆಗೆ ಕಬ್ಬಿಣದ ಮೊಳೆಗಳನ್ನು, ಹಿಮ್ಮಡಿಗೆ ಲಾಳವನ್ನು ಹೊಡೆಯಲಾಗುತ್ತಿತ್ತು. ಇದರಿಂದ ಅಟ್ಟೆ ಬೇಗನೆ ಸವೆಯುತ್ತಿರಲಿಲ್ಲ. ಆದರೆ ನುಣುಪಾದ ಬಂಡೆಯ ಮೇಲೆ ಬೂಟು ಜಾರುತ್ತಿತ್ತು ಮತ್ತು ನಡೆದಾಗ ಸದ್ದಾಗುತ್ತಿತ್ತು. 1937ರಲ್ಲಿ ಇಟಲಿಯ ಪರ್ವತಾರೋಹಿ ವಿಟಾಲೆ ಬ್ರಮಾನಿ ಆಳವಾದ ಗೀರುಗಳುಳ್ಳ ರಬ್ಬರ್ ಅಟ್ಟೆಗೆ ಪೇಟೆಂಟ್ ಪಡೆದರು. ಕ್ರಮೇಣ ಮೊಳೆಯ ಅಟ್ಟೆಯ ಸ್ಥಾನವನ್ನು ಇಂತಹ ರಬ್ಬರ್ ಅಟ್ಟೆಗಳು ಪಡೆದವು.

ಬೆಂಗಳೂರಿನ ಟ್ಯಾನರಿ ರಸ್ತೆಯ ಹೆಸರು ಅಲ್ಲಿದ್ದ ಚರ್ಮ ಹದಮಾಡುವ ಉದ್ಯಮವನ್ನು ಸೂಚಿಸುತ್ತದೆ. ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ ತೊಗಟೆಯಿಂದ ಚರ್ಮವನ್ನು ಹದಮಾಡುವ ಪದ್ಧತಿ ಹಳೆಯದು. ರಾಜ್ಯದ ಚರ್ಮ ಕುಶಲಕರ್ಮಿಗಳ ಅಭಿವೃದ್ಧಿಗಾಗಿ 1976ರಲ್ಲಿ ಲಿಡ್ಕರ್ ನಿಗಮವು ಸ್ಥಾಪನೆಯಾಯಿತು.

ರಚನೆ ಮತ್ತು ಬಾಳಿಕೆ

ಬೂಟಿನ ಮೇಲ್ಭಾಗವನ್ನು ಅಟ್ಟೆಗೆ ಮುಖ್ಯವಾಗಿ ಮೂರು ವಿಧಗಳಲ್ಲಿ ಜೋಡಿಸಲಾಗುತ್ತದೆ. ವೆಲ್ಟ್ ಎಂಬ ಪಟ್ಟಿಯ ಮೂಲಕ ಹೊಲಿದ ಬೂಟಿನ ಅಟ್ಟೆ ಸವೆದಾಗ ಅದನ್ನು ಬಿಚ್ಚಿ ಹೊಸದನ್ನು ಹಾಕಿಸಬಹುದು. ಇದು ಭಾರವಾಗಿದ್ದು ಬೆಲೆಯೂ ಹೆಚ್ಚು. ಅಂಟಿನಿಂದ ಜೋಡಿಸಿದ ಬೂಟು ಹಗುರವಾಗಿರುತ್ತದೆ, ಆದರೆ ಅಂಟು ಸಡಿಲಗೊಂಡಾಗ ಅಟ್ಟೆ ಬಾಯಿಬಿಡುತ್ತದೆ. ಮೂರನೆಯ ವಿಧದಲ್ಲಿ ಅಚ್ಚಿನಲ್ಲಿ ಕರಗಿಸಿದ ವಸ್ತುವನ್ನು ಮೇಲ್ಭಾಗಕ್ಕೆ ನೇರವಾಗಿ ಎರಕ ಹೊಯ್ಯಲಾಗುತ್ತದೆ. ಇದು ಗಟ್ಟಿಯಾದರೂ ಅಟ್ಟೆಯನ್ನು ಬದಲಿಸುವುದು ಕಷ್ಟ.

ಅನೇಕ ಬೂಟುಗಳ ಅಟ್ಟೆಯ ನಡುವಿನ ಮೆತ್ತನೆಯ ಪದರವನ್ನು ಪಾಲಿಯುರೆಥೇನ್‌ನಿಂದ ಮಾಡಲಾಗುತ್ತದೆ. ಗಾಳಿಯ ತೇವಾಂಶದೊಂದಿಗೆ ವರ್ತಿಸಿ ಈ ವಸ್ತು ಕಾಲಕ್ರಮೇಣ ಶಿಥಿಲವಾಗುತ್ತದೆ. ಆದ್ದರಿಂದ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿಟ್ಟ, ನೋಡಲು ಹೊಸದರಂತಿರುವ ಬೂಟಿನ ಅಟ್ಟೆಯೂ ನಡಿಗೆಯ ನಡುವೆ ಪುಡಿಯಾಗಿ ಕಳಚಿಕೊಳ್ಳಬಹುದು. ರಸ್ತೆಯಿಂದ ದೂರದ ಕಾಡಿನಲ್ಲಿ ಇದು ಅಪಾಯಕ್ಕೆ ಕಾರಣವಾಗುತ್ತದೆ. ಹಳೆಯ ದಾಸ್ತಾನಿನ ಬೂಟನ್ನು ಕೊಳ್ಳುವಾಗ ತಯಾರಿಕೆಯ ದಿನಾಂಕವನ್ನು ಪರಿಶೀಲಿಸುವುದು ಹಾಗೂ ದೀರ್ಘ ಚಾರಣಕ್ಕೆ ಮೊದಲು ಅದನ್ನು ಧರಿಸಿ ಕೆಲವು ದಿನ ಮನೆಯ ಸುತ್ತಮುತ್ತ ನಡೆಯುವುದು ಸೂಕ್ತ.

ನೆಲಕ್ಕೆ ತಕ್ಕ ಆಯ್ಕೆ

ಬೆಂಗಳೂರಿನ ಸುತ್ತಲಿನ ಸಾವನದುರ್ಗ, ಸ್ಕಂದಗಿರಿ ಮುಂತಾದ ಬೆಟ್ಟಗಳಲ್ಲಿ ಗ್ರಾನೈಟ್‌ನ ಬಂಡೆಗಳೇ ಹೆಚ್ಚು. ಒಣ ಬಂಡೆಯ ಮೇಲೆ ಮೃದುವಾದ ರಬ್ಬರ್ ಅಟ್ಟೆಯ, ಗಾಳಿಯಾಡುವ ಹಗುರ ಬೂಟು ಸಾಕಾಗುತ್ತದೆ. ಕುಮಾರಪರ್ವತ, ಕುದುರೆಮುಖ ಮೊದಲಾದ ಪಶ್ಚಿಮಘಟ್ಟದ ಹಾದಿಗಳಲ್ಲಿ ಮಳೆ, ಕೆಸರು ಮತ್ತು ಜಿಗಣೆಗಳು ಇರುವುದರಿಂದ ಆಳವಾದ ಗೀರುಗಳುಳ್ಳ ಅಟ್ಟೆ ಅಗತ್ಯ. ನೀರು ನುಸುಳದ ಒಳಪದರವು ತೇವವನ್ನು ತಡೆಯುತ್ತದೆ. ಆದರೆ ಮೇಲಿನಿಂದ ಒಳಹೊಕ್ಕ ನೀರು ಬೇಗನೆ ಹೊರಹೋಗದು. ಹೊಳೆ ದಾಟಬೇಕಾದ ಹಾದಿಗೆ ಬೇಗ ಒಣಗುವ ಬೂಟು ಹೆಚ್ಚು ಉಪಯುಕ್ತ. ಜಿಗಣೆಗಳನ್ನು ತಡೆಯಲು ಮೊಣಕಾಲಿನವರೆಗೆ ಬರುವ ಒತ್ತಾದ ನೇಯ್ಗೆಯ ಕಾಲುಚೀಲವನ್ನು ಧರಿಸಲಾಗುತ್ತದೆ. ಗಿಣ್ಣನ್ನು ಮುಚ್ಚುವ ದಪ್ಪ ಬೂಟು ಪಾದಕ್ಕೆ ಹಾವು ಕಡಿಯುವ ಅಪಾಯವನ್ನು ತಗ್ಗಿಸುತ್ತದೆ, ಆದರೆ ಸಂಪೂರ್ಣ ರಕ್ಷಣೆಯನ್ನು ನೀಡುವುದಿಲ್ಲ.

ಅಳತೆ

ನಡೆದಂತೆ ಪಾದ ಸ್ವಲ್ಪ ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯ ವೇಳೆ, ಚಾರಣಕ್ಕೆ ಬಳಸುವ ಕಾಲುಚೀಲದೊಂದಿಗೆ ಧರಿಸಿ ನೋಡಲಾಗುತ್ತದೆ. ಭಾರತದಲ್ಲಿ ಪ್ರಚಲಿತವಿರುವ ಬ್ರಿಟಿಷ್ ಅಳತೆಯಲ್ಲಿ ಒಂದು ಸಂಖ್ಯೆಗೂ ಮುಂದಿನದಕ್ಕೂ ಸುಮಾರು 8.5 ಮಿಲಿಮೀಟರ್ ಅಂತರವಿದೆ. ಇಳಿಜಾರಿನಲ್ಲಿ ಇಳಿಯುವಾಗ ಬೆರಳುಗಳು ಬೂಟಿನ ತುದಿಗೆ ತಾಗಬಾರದು. ಏರುವಾಗ ಹಿಮ್ಮಡಿ ಮೇಲೇಳಬಾರದು. ಇವೆರಡರಲ್ಲಿ ಯಾವುದು ತಪ್ಪಿದರೂ ಉಗುರಿಗೆ ಪೆಟ್ಟಾಗುತ್ತದೆ ಅಥವಾ ಗುಳ್ಳೆಗಳೇಳುತ್ತವೆ. ಒಂದು ಪಾದ ಇನ್ನೊಂದಕ್ಕಿಂತ ದೊಡ್ಡದಾಗಿದ್ದರೆ ದೊಡ್ಡ ಪಾದದ ಅಳತೆಯನ್ನೇ ಆರಿಸಲಾಗುತ್ತದೆ.

ನಿರ್ವಹಣೆ

ಒದ್ದೆಯಾದ ಬೂಟಿನ ಕೆಸರನ್ನು ತೊಳೆದು, ಒಳಗೆ ಹಳೆಯ ಪತ್ರಿಕೆಯ ಕಾಗದವನ್ನು ತುಂಬಿ ನೆರಳಿನಲ್ಲಿ ಒಣಗಿಸಬೇಕು. ಒಲೆಯ ಬಿಸಿ ಅಥವಾ ತೀವ್ರ ಬಿಸಿಲಿಗೆ ಚರ್ಮ ಬಿರಿಯುತ್ತದೆ ಮತ್ತು ಅಂಟು ಸಡಿಲವಾಗುತ್ತದೆ. ಒಣಗಿದ ನಂತರ ಚರ್ಮಕ್ಕೆ ಮೇಣವನ್ನು ಲೇಪಿಸಲಾಗುತ್ತದೆ. ಮಳೆಗಾಲದಲ್ಲಿ ಬೂಷ್ಟು ಬೆಳೆಯದಂತೆ ಗಾಳಿಯಾಡುವ ಕಡೆ ಇಡುವುದು ಅವಶ್ಯಕ. ಅಟ್ಟೆಯ ಅಂಚು ಬಿಡಲಾರಂಭಿಸಿದಾಗಲೇ ಹೊಲಿಸಿದರೆ ಬೂಟಿನ ಆಯುಷ್ಯ ಹೆಚ್ಚುತ್ತದೆ.