ಖಾನಾಪುರದ ಕಾಡಿಗೆ ದವಾಖಾನೆ ಎಷ್ಟು ಹೊತ್ತಿನ ದಾರಿ?

ಬೆಳಗಾವಿಯಲ್ಲಿ ಡಾಕ್ಟರುಗಳ ಕೊರತೆ ಇದೆ ಎಂದರೆ ಕೇಳಿದವರು ನಕ್ಕಾರು. 1963ರಲ್ಲಿ ಶುರುವಾದ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು, ಕೆಎಲ್‌ಇ ಸಂಸ್ಥೆಯ ದೊಡ್ಡ ಆಸ್ಪತ್ರೆ, ಸರಕಾರದ ಬಿಮ್ಸ್, ಓಣಿ ಓಣಿಗೂ ನರ್ಸಿಂಗ್ ಹೋಂ. ಗೋವಾದಿಂದ, ಮಹಾರಾಷ್ಟ್ರದ ಗಡಿ ತಾಲೂಕುಗಳಿಂದ ಜನ ಚಿಕಿತ್ಸೆಗೆ ಇಲ್ಲಿಗೇ ಬರುತ್ತಾರೆ. ಊರಾಚೆ ಹತ್ತು ಕಿ.ಮೀ. ದೂರದ ಸಾಂಬ್ರಾದಲ್ಲಿ ವಿಮಾನ ನಿಲ್ದಾಣವೂ ಇದೆ. ಆದರೆ ಇದೇ ಜಿಲ್ಲೆಯ ಖಾನಾಪುರ ತಾಲೂಕಿನ ಆಮಗಾಂವದಲ್ಲಿ 2024ರ ಜುಲೈ ತಿಂಗಳಲ್ಲಿ ಕಾಯಿಲೆ ಬಿದ್ದ ಮಹಿಳೆಯೊಬ್ಬರನ್ನು ಊರಿನವರು ಕಟ್ಟಿಗೆಯ ಸ್ಟ್ರೆಚರ್ ಮಾಡಿ, ಸುರಿವ ಮಳೆಯಲ್ಲಿ, ಕಾಡುದಾರಿಯಲ್ಲಿ ಕಿಲೋಮೀಟರ್‌ಗಟ್ಟಲೆ ಹೊತ್ತು ಆಂಬುಲೆನ್ಸ್ ಬರಬಲ್ಲ ಜಾಗಕ್ಕೆ ಮುಟ್ಟಿಸಬೇಕಾಯಿತು. ಆ ಚಿತ್ರ ಪತ್ರಿಕೆ, ಟಿ.ವಿ.ಗಳಲ್ಲಿ ಬಂತು, ಮಂತ್ರಿಗಳ ಹೇಳಿಕೆಗಳೂ ಬಂದವು. ಇಂಥ ಸುದ್ದಿ ಬಂದಾಗಲೆಲ್ಲ ನಾವು ರಸ್ತೆ ಇಲ್ಲ, ಸೇತುವೆ ಇಲ್ಲ ಎಂದು ಮರುಗುತ್ತೇವೆ. ಮರುಗುವುದು ಸರಿಯೇ. ಆದರೆ ಕೊರತೆಯ ಬೇರು ರಸ್ತೆಗಿಂತ ಹಿಂದೆ, ದವಾಖಾನೆಯನ್ನು ಎಲ್ಲಿ ಇಡಬೇಕು, ಯಾರಿಗೆ ಇಡಬೇಕು ಎಂದು ಸರಕಾರ ಹಾಕುವ ಲೆಕ್ಕದಲ್ಲೇ ಇದೆ.

ಆ ಲೆಕ್ಕ ತಲೆಯೆಣಿಕೆಯದು. ಬಯಲುನಾಡಿನಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶವಾದರೆ 3,000ಕ್ಕೆ ಒಂದು ಉಪಕೇಂದ್ರ, 20,000ಕ್ಕೆ ಒಂದು ಪ್ರಾಥಮಿಕ ಕೇಂದ್ರ. ಕಾಗದದ ಮೇಲೆ ಇದು ಉದಾರವಾಗಿಯೇ ಕಾಣುತ್ತದೆ. ಸಾಂಬ್ರಾ ಕಡೆಯ ದಟ್ಟ ಊರುಗಳಲ್ಲಿ ಐದು ಸಾವಿರ ಜನ ಕೆಲವೇ ಓಣಿಗಳಲ್ಲಿ ಸಿಗುತ್ತಾರೆ. ಆರೋಗ್ಯ ಸಹಾಯಕಿ ಬೆಳಿಗ್ಗೆ ಹೊರಟು ಮಧ್ಯಾಹ್ನದೊಳಗೆ ಹತ್ತಾರು ಮನೆ ಮುಗಿಸಬಹುದು. ಖಾನಾಪುರದ ಪಶ್ಚಿಮ ಭಾಗಕ್ಕೆ ಬನ್ನಿ. 2011ರ ಡಿಸೆಂಬರಿನಲ್ಲಿ ಘೋಷಣೆಯಾದ ಭೀಮಗಡ ವನ್ಯಜೀವಿಧಾಮದ ವಿಸ್ತೀರ್ಣ 190 ಚದರ ಕಿ.ಮೀ. ಗವ್ವಾಳಿ, ಪಾಸ್ತೋಳಿ, ಕೊಂಗಳಾ, ಕೃಷ್ಣಾಪುರ, ತಳೇವಾಡಿ, ದೇಗಾಂವ, ಆಮಗಾಂವ ಮೊದಲಾದ ಹದಿಮೂರು ಊರು-ವಾಡಿಗಳಲ್ಲಿ ಎಲ್ಲ ಸೇರಿ ಸುಮಾರು ಮೂರು ಸಾವಿರ ಜನ. ಉದಾರವಾದ ಆ ಗುಡ್ಡಗಾಡಿನ ಲೆಕ್ಕದಲ್ಲೂ ಇಡೀ ಕಾಡಿಗೆ ಸಲ್ಲುವುದು ಒಂದೇ ಒಂದು ಉಪಕೇಂದ್ರ! ಅದನ್ನು ಯಾವ ಊರಲ್ಲಿಟ್ಟರೂ ಉಳಿದ ಹನ್ನೆರಡು ಊರುಗಳಿಗೆ ಅದು ದೂರವೇ. ಜೋಳ ಅಳೆಯುವ ಸೇರಿನಿಂದ ದಾರಿ ಅಳೆಯಲು ಹೊರಟಂತಿದೆ ಇದು.

ಇದು ತಪ್ಪು ಲೆಕ್ಕ ಎಂದು ಕೇಂದ್ರ ಆರೋಗ್ಯ ಇಲಾಖೆಗೂ ಗೊತ್ತಿದೆ. ಅದಕ್ಕೇ ಇನ್ನೊಂದು ಅಳತೆಯನ್ನೂ ಅದು ಒಪ್ಪಿಕೊಂಡಿದೆ: ವಾಸದ ಜಾಗದಿಂದ ಮೂವತ್ತು ನಿಮಿಷ ನಡೆದರೆ ಉಪಕೇಂದ್ರ ಸಿಗಬೇಕು, ಅಷ್ಟೇ, ಜನ ಎಷ್ಟಿದ್ದಾರೆಂಬುದು ಮುಖ್ಯವಲ್ಲ. ಆದರೆ ಈ ಅಳತೆ ಗುಡ್ಡಗಾಡು ರಾಜ್ಯಗಳ ಆಯ್ದ ಜಿಲ್ಲೆಗಳಿಗೆ ಮತ್ತು ಮರುಭೂಮಿ ಪ್ರದೇಶಗಳಿಗೆ ಮಾತ್ರ. ಕರ್ನಾಟಕ ಗುಡ್ಡಗಾಡು ರಾಜ್ಯವಲ್ಲ, ಬೆಳಗಾವಿ ಗುಡ್ಡಗಾಡು ಜಿಲ್ಲೆಯೂ ಅಲ್ಲ. ಕಬ್ಬು, ಸಕ್ಕರೆ ಕಾರ್ಖಾನೆ, ಕಪ್ಪು ಮಣ್ಣಿನ ಹೊಲಗಳ ಈ ವಿಶಾಲ ಜಿಲ್ಲೆಯ ಸರಾಸರಿಯಲ್ಲಿ ಖಾನಾಪುರದ ಸಹ್ಯಾದ್ರಿ ಕರಗಿಹೋಗುತ್ತದೆ. 2011ರ ಜನಗಣತಿಯಲ್ಲಿ ಜಿಲ್ಲೆಯ ಜನಸಂಖ್ಯೆ 47.79 ಲಕ್ಷ, ಖಾನಾಪುರ ತಾಲೂಕಿನದು ಎರಡೂವರೆ ಲಕ್ಷ ಚಿಲ್ಲರೆ. ಕಣಕುಂಬಿಯಲ್ಲಿ ಮಲಪ್ರಭೆ ಹುಟ್ಟುವ, ಭೀಮಗಡದಲ್ಲಿ ಮಹದಾಯಿ ಹುಟ್ಟುವ, ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ಒಂದಾದ ಆಮಗಾಂವ ಇರುವ ನಾಡಿಗೆ ಮರುಭೂಮಿಗೆ ಸಿಗುವ ರಿಯಾಯಿತಿಯೂ ಇಲ್ಲ. ನೀರಿನ ಹಂಚಿಕೆಗಾಗಿ ಮೂರು ರಾಜ್ಯಗಳು ನ್ಯಾಯಮಂಡಳಿಯ ಮುಂದೆ ವರ್ಷಗಟ್ಟಲೆ ವಾದಿಸಿದ ನಾಡು ಇದು. ಇಲ್ಲಿಯ ಬಸುರಿ-ಬಾಣಂತಿಯರ ಪರವಾಗಿ ಅದರ ಕಾಲುಭಾಗದಷ್ಟು ವಾದವೂ ನಡೆದಿಲ್ಲ.

ಹೊತ್ತಿನ ಅಳತೆ ಕಾಡಿಗೆ ಮಾತ್ರ ಬೇಕೆಂದಲ್ಲ. ಸಾಂಬ್ರಾದಿಂದ ಜಿಲ್ಲಾಸ್ಪತ್ರೆಗೆ ಬಸ್ಸಿದೆ, ದಾರಿ ಅರ್ಧ ತಾಸಿನದು. ಆದರೆ ಕೂಲಿಯಿಂದ ಬದುಕುವ ಮನೆಗೆ ದವಾಖಾನೆಯ ದೂರ ಎಂದರೆ ಬಸ್ಸಿನ ದೂರ ಮಾತ್ರವಲ್ಲ. ಚೀಟಿ ಮಾಡಿಸುವ ಸಾಲು, ರಕ್ತ ತಪಾಸಣೆಯ ಇನ್ನೊಂದು ಸಾಲು, ವರದಿಗಾಗಿ ನಾಳೆ ಬನ್ನಿ ಎಂಬ ಮಾತು. ಹೊರರೋಗಿ ವಿಭಾಗದ ವೇಳೆಯೂ ಹೊಲದ ಕೆಲಸದ ವೇಳೆಯೂ ಒಂದೇ ಆದ್ದರಿಂದ ಬಿಪಿ ತೋರಿಸಲು ಹೋದರೆ ಆ ದಿನದ ಪಗಾರ ಹೋಯಿತು. ಕಬ್ಬು ಕಡಿಯಲು ಹೊರ ಜಿಲ್ಲೆಗಳಿಂದ, ಮಹಾರಾಷ್ಟ್ರದಿಂದ ಬಂದು ಗದ್ದೆಯ ಬದಿಯಲ್ಲಿ ಗುಡಿಸಲು ಹಾಕುವವರ ಪಾಡು ಇನ್ನೂ ಕಷ್ಟದ್ದು. ಅವರ ತಾಯಿ ಕಾರ್ಡು ಊರಲ್ಲಿ, ಹೆರಿಗೆಯ ದಿನ ಇಲ್ಲಿ. ಭಾಷೆಯ ತೊಡಕೂ ಇದೆ: ಖಾನಾಪುರದ ಕಾಡಿನಲ್ಲಿ ಮನೆಮಾತು ಬಹುಪಾಲು ಮರಾಠಿ, ಕೊಂಕಣಿ. ಗುಳಿಗೆ ಹೇಗೆ ನುಂಗಬೇಕೆಂಬ ಚೀಟಿ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಇದ್ದರೆ ಅದನ್ನು ತಿಳಿಸಿ ಹೇಳುವವರು ಬೇಕು. ಗಡಿ ತಂಟೆಯ ರಾಜಕಾರಣಕ್ಕೆ ಇದನ್ನು ಎಳೆಯುವುದು ಬೇಡ. ಎದುರಿಗಿರುವುದು ಕಾಯಿಲೆ ಬಿದ್ದ ಮನುಷ್ಯ.

ಹಾಗಾದರೆ ಮಾಡುವುದೇನು? ಮನೆಯ ಬಾಗಿಲಿಗೆ ಹೋಗುವ ಕೈಗಳಿಗೆ ಹೆಚ್ಚು ಕೆಲಸವನ್ನೂ ಹೆಚ್ಚು ಅಧಿಕಾರವನ್ನೂ ಕೊಡಬೇಕು. ಇದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಬೆಳಗಾವಿಯಲ್ಲೇ ಇದೆ. 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಜ್ಞರು ಅಮೆರಿಕದ ಸಹೋದ್ಯೋಗಿಗಳ ಜತೆ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಮೇಲೆ ರಕ್ತ ಹರಿದು ನಿಲ್ಲದಿರುವುದು ತಾಯಂದಿರ ಸಾವಿಗೆ ದೊಡ್ಡ ಕಾರಣ. ಅದನ್ನು ತಡೆಯುವ ಚುಚ್ಚುಮದ್ದಿಗೆ ತಂಪು ಪೆಟ್ಟಿಗೆ ಬೇಕು, ಚುಚ್ಚಲು ಬರುವವರು ಬೇಕು. ಮಿಸೊಪ್ರೊಸ್ಟಾಲ್ ಗುಳಿಗೆಗೆ ಎರಡೂ ಬೇಡ. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾದ 1,620 ಮಹಿಳೆಯರಲ್ಲಿ ಅರ್ಧದಷ್ಟು ಮಂದಿಗೆ, ಮಗು ಹುಟ್ಟಿ ಹೊಕ್ಕುಳ ಬಳ್ಳಿ ಕತ್ತರಿಸಿದ ಕೂಡಲೇ, ಹಳ್ಳಿಯ ಆರೋಗ್ಯ ಸಹಾಯಕಿಯರೇ ಈ ಗುಳಿಗೆ ನುಂಗಿಸಿದರು. ಉಳಿದವರಿಗೆ ಕೊಟ್ಟದ್ದು ಔಷಧವಿಲ್ಲದ, ನೋಡಲು ಮಾತ್ರ ಹಾಗೇ ಇರುವ ಗುಳಿಗೆ. ತಾಯಿಯ ಕೆಳಗೆ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಅಳತೆಯ ಗೆರೆ ಹಾಕಿದ ಚೀಲ. ಎಷ್ಟು ರಕ್ತ ಹೋಯಿತು ಎಂಬುದನ್ನು ಸೆರಗಿನ ಕಲೆ ನೋಡಿ ಅಂದಾಜು ಮಾಡುವ ಬದಲು ಗೆರೆ ನೋಡಿ ಓದಬಹುದಿತ್ತು. ಅತಿ ರಕ್ತಸ್ರಾವ ಶೇ 12ರಿಂದ ಶೇ 6.4ಕ್ಕೆ ಇಳಿಯಿತು. ತೀವ್ರ ರಕ್ತಸ್ರಾವವಂತೂ ಶೇ 1.2ರಿಂದ ಶೇ 0.2ಕ್ಕೆ. ಹದಿನೆಂಟು ತಾಯಂದಿರಿಗೆ ಗುಳಿಗೆ ಕೊಟ್ಟರೆ ಒಬ್ಬರಿಗಾದರೂ ಅಪಾಯ ತಪ್ಪುತ್ತದೆ ಎಂಬ ಲೆಕ್ಕ 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಗುಳಿಗೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅಳತೆಯ ಚೀಲದ ವಿಚಾರವೂ ಅಲ್ಲಿಗೇ ನಿಲ್ಲಲಿಲ್ಲ. ಅಂಥದೇ ಚೀಲವನ್ನು ಮುಖ್ಯ ಸಾಧನವಾಗಿ ಇಟ್ಟುಕೊಂಡು ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಪ್ರಯೋಗದ ಫಲ 2023ರಲ್ಲಿ ಹೊರಬಂದಿದೆ; ರಕ್ತಸ್ರಾವದಿಂದಾಗುವ ತೀವ್ರ ಅಪಾಯ ಅಲ್ಲಿ ಶೇ 60ರಷ್ಟು ಇಳಿಯಿತು. ಬೆಳಗಾವಿಯ ಹಳ್ಳಿಯ ನರ್ಸಬಾಯಿಯರು ಜಗತ್ತಿಗೆ ಕಲಿಸಿದ ಪಾಠ ಖಾನಾಪುರದ ಕಾಡಿಗೆ ಯಾಕೆ ಪೂರ್ತಿ ತಲುಪಬಾರದು?

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ. ಮನೆಹೆರಿಗೆಯ ಕಾಲ ಮುಗಿಯಿತಲ್ಲ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ 97ರಷ್ಟು ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿದೆ, ಮತ್ತೆ ಹಳ್ಳಿಯ ಸಹಾಯಕಿಯ ಕೈಗೆ ಕೆಲಸ ಕೊಡುವುದು ಹಿಂದಕ್ಕೆ ನಡೆದಂತೆ ಎನ್ನುತ್ತಾರೆ. ಅಂಕಿ ನಿಜ, ಹೆಮ್ಮೆಪಡುವಂಥದೇ. ಆದರೆ ಜತೆಗೆ ಇನ್ನೊಂದು ಅಂಕಿಯನ್ನೂ ಇಡಬೇಕು. 2018–20ರಲ್ಲಿ ಲಕ್ಷ ಜೀವಂತ ಜನನಕ್ಕೆ ತಾಯಂದಿರ ಸಾವು ಕರ್ನಾಟಕದಲ್ಲಿ 69. ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ಖಾನಾಪುರದ ಗಡಿಯಾಚೆಯ ಮಹಾರಾಷ್ಟ್ರದಲ್ಲಿ 33. ದಕ್ಷಿಣದ ರಾಜ್ಯಗಳಲ್ಲಿ ನಾವೇ ಹಿಂದೆ. ಹೆರಿಗೆ ಕಟ್ಟಡದೊಳಗೆ ಬಂದರೆ ಸಾಲದು ಎಂದು ಇದರಿಂದಲೇ ತಿಳಿಯುತ್ತದೆ. ರಕ್ತಹೀನತೆ ಹೆರಿಗೆ ನೋವಿನ ದಿನ ಹುಟ್ಟುವುದಿಲ್ಲ. ನಾಲ್ಕನೇ ತಿಂಗಳಿಗೇ ಇರುತ್ತದೆ. ಅದೇ ಸಮೀಕ್ಷೆಯಂತೆ ರಾಜ್ಯದ ಬಸುರಿಯರಲ್ಲಿ ನೂರಕ್ಕೆ 45ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. ಬಿಪಿ ಏರುವುದನ್ನು ಏಳನೇ ತಿಂಗಳಲ್ಲಿ ಮನೆಯಲ್ಲೇ ಹಿಡಿದರೆ ಆಕೆಯನ್ನು ಮಳೆಗಾಲಕ್ಕೆ ಮುಂಚೆಯೇ ಕೆಳಗಿನ ಊರಿಗೆ ಕರೆತರಬಹುದು. ಗಡಚಿರೋಲಿಯಂಥ ಜಿಲ್ಲೆಗಳಲ್ಲಿ ಮಹಾರಾಷ್ಟ್ರ ಸರಕಾರ ಆರೋಗ್ಯ ಕೇಂದ್ರದ ಪಕ್ಕದಲ್ಲೇ ಮಾಹೇರ್ ಘರ್ ಎಂಬ ತಂಗುಮನೆ ನಡೆಸುತ್ತಿದೆ; ದಿನ ತುಂಬುವ ಮುನ್ನ ಬಸುರಿ ಬಂದು ಅಲ್ಲಿರಬಹುದು. ಖಾನಾಪುರದಲ್ಲಿ ಇದಕ್ಕೆ ಬೇಕಾಗುವುದು ನಾಲ್ಕು ಕೋಣೆ, ಒಬ್ಬ ಅಡುಗೆಯಾಕೆ ಮತ್ತು ಬಸುರಿಯ ಜತೆ ಬರುವ ಅತ್ತೆಗೋ ತಾಯಿಗೋ ಊಟ. ಆಸ್ಪತ್ರೆಯ ಹೆರಿಗೆಗೂ ಮನೆಬಾಗಿಲಿನ ಆರೈಕೆಗೂ ಜಗಳವೇ ಇಲ್ಲ.

ಎರಡನೆಯ ಆಕ್ಷೇಪ ಅರಣ್ಯದ್ದು. ಜನರನ್ನೇ ಕಾಡಿನಿಂದ ಹೊರತಂದರೆ ಸಮಸ್ಯೆ ಮುಗಿಯಿತು ಎಂಬ ಮಾತು ಆಮಗಾಂವದ ಘಟನೆಯ ನಂತರ ಜೋರಾಯಿತು. ಕುಟುಂಬಕ್ಕೆ 15 ಲಕ್ಷ ರೂಪಾಯಿಯ ಪರಿಹಾರ ಯೋಜನೆ ಇದೆ. 2025ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಮೊದಲ ಕಂತು ಕೊಟ್ಟೂ ಆಗಿದೆ. ಮನಸಾರೆ ಒಪ್ಪಿ ಹೋಗುವವರಿಗೆ ಬೇಡ ಎನ್ನಲು ನಾವ್ಯಾರು? ಆದರೆ ಒಪ್ಪಿಗೆ ಎಂಬುದು ದವಾಖಾನೆ ಇಲ್ಲದ ಅಸಹಾಯಕತೆಯಿಂದ ಹುಟ್ಟಿದರೆ ಅದು ಒಪ್ಪಿಗೆಯಲ್ಲ. ಹದಿಮೂರು ಊರುಗಳೂ ಖಾಲಿಯಾಗಲು ವರ್ಷಗಳು ಹಿಡಿಯುತ್ತವೆ, ಕೆಲವು ಖಾಲಿಯಾಗದೆಯೂ ಇರಬಹುದು. ಅಲ್ಲಿಯವರೆಗಿನ ಮಳೆಗಾಲಗಳ ಕತೆ ಏನು? ಕಾನೂನು ಬಿಡುವುದಿಲ್ಲ ಎನ್ನುವುದೂ ಅರ್ಧಸತ್ಯ. 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮು ದವಾಖಾನೆ, ರಸ್ತೆ ಮೊದಲಾದ ಸೌಲಭ್ಯಗಳಿಗೆ, ಗ್ರಾಮಸಭೆಯ ಶಿಫಾರಸಿನ ಮೇಲೆ, ಒಂದು ಹೆಕ್ಟೇರಿಗಿಂತ ಕಡಿಮೆ ಅರಣ್ಯಭೂಮಿ ಕೊಡಲು ಅವಕಾಶ ಇಟ್ಟಿದೆ. ವನ್ಯಜೀವಿಧಾಮದೊಳಗೆ ಬೇರೆ ಅನುಮತಿಗಳೂ ಬೇಕಾಗುತ್ತವೆ, ಅದು ಸುಲಭದ ದಾರಿಯಲ್ಲ. ಆದರೆ ನಡೆದು ಹೋಗುವ ಆರೋಗ್ಯ ಸಹಾಯಕಿಗೆ, ಆಕೆಯ ಚೀಲದಲ್ಲಿನ ಬಿಪಿ ಯಂತ್ರಕ್ಕೆ, ಕಬ್ಬಿಣಾಂಶದ ಗುಳಿಗೆಗೆ ಯಾವ ಅರಣ್ಯ ಅನುಮತಿ ಬೇಕು? 2015ರಲ್ಲಿ ರಾಜ್ಯ ಸರಕಾರ ಬೈಕ್ ಆಂಬುಲೆನ್ಸ್ ತಂದಾಗ ಅವು ಬೆಂಗಳೂರು, ಮೈಸೂರಿನಂಥ ನಗರಗಳ ಟ್ರಾಫಿಕ್ಕಿಗೆ ಹೋದವು. ನಾಲ್ಕು ಗಾಲಿಯ 108 ಆಂಬುಲೆನ್ಸ್ ಹೋಗಲಾರದ ಕಾಲುದಾರಿಗಳ ನೆನಪು ಆಗ ಯಾರಿಗೂ ಆಗಲಿಲ್ಲ.

ಕೊನೆಗೆ ದುಡ್ಡಿನ ಪ್ರಶ್ನೆ. ನೂರು ಮನೆಗೆ ಒಬ್ಬ ಸಿಬ್ಬಂದಿಯೇ ಎಂದು ಹಣಕಾಸು ಇಲಾಖೆ ಹುಬ್ಬೇರಿಸುವುದು ಸಹಜ. ಆಶಾ ಕಾರ್ಯಕರ್ತೆಯ ನಿಯಮ ಸಾವಿರ ಜನರಿಗೆ ಒಬ್ಬರು ಎಂದಿದ್ದರೂ ಗುಡ್ಡಗಾಡಿನಲ್ಲಿ ವಾಡಿಗೊಬ್ಬರಂತೆ ನೇಮಿಸಲು ಅದರಲ್ಲೇ ಸಡಿಲಿಕೆ ಇದೆ. ಅವರಿಗೆ ಕೊಡುವ ಗೌರವಧನ ಎಷ್ಟು ಕಡಿಮೆ ಎಂಬುದಕ್ಕೆ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಹೂಡಿದ ಧರಣಿಯೇ ಸಾಕ್ಷಿ. ತಿಂಗಳಿಗೆ ಹತ್ತು ಸಾವಿರ ರೂಪಾಯಿಯ ಖಾತರಿಗಾಗಿ ಚಳಿಯಲ್ಲಿ ಕೂರಬೇಕಾಯಿತು. ಕಾಡಿನ ಹದಿಮೂರು ಊರುಗಳಿಗೆ ಒಬ್ಬೊಬ್ಬ ಆಶಾ, ಮಳೆಗಾಲದ ನಾಲ್ಕು ತಿಂಗಳು ಅಲ್ಲೇ ಉಳಿಯುವ ಇಬ್ಬರು ಆರೋಗ್ಯ ಸಹಾಯಕಿಯರು, ಅವರಿಗೆ ದುರ್ಗಮ ಪ್ರದೇಶದ ಭತ್ಯೆ, ಒಂದು ತಂಗುಮನೆ. ನಗರದಲ್ಲಿ ಹೊಸ ಸೂಪರ್ ಸ್ಪೆಷಾಲಿಟಿ ವಿಭಾಗ ಕಟ್ಟುವ ವೆಚ್ಚದ ಮುಂದೆ ಇದು ಚಿಲ್ಲರೆ ಹಣ. ಸಾಂಬ್ರಾದಂಥ ಕಡೆಗಂತೂ ಹೊಸ ಕಟ್ಟಡವೂ ಬೇಡ. ವಾರಕ್ಕೆರಡು ದಿನ ಸಂಜೆ ಹೊತ್ತು ಬಾಗಿಲು ತೆರೆದರೆ ಅರ್ಧ ಕೆಲಸ ಆದಂತೆ.

ಆದ್ದರಿಂದ ಖಾನಾಪುರದ ಪಂಚಾಯಿತಿ ಸದಸ್ಯರು, ಗ್ರಾಮಸಭೆಗೆ ಬರುವ ಮಹಿಳೆಯರು, ಡಿಸೆಂಬರಿನಲ್ಲಿ ಸುವರ್ಣ ವಿಧಾನಸೌಧಕ್ಕೆ ಬರುವ ಶಾಸಕರು ಕೇಳಬೇಕಾದ್ದು ಇನ್ನೊಂದು ಕಟ್ಟಡವನ್ನಲ್ಲ. ಮೂವತ್ತು ನಿಮಿಷದ ನಡಿಗೆಯ ನಿಯಮವನ್ನು ಖಾನಾಪುರದ ಕಾಡಿನ ಊರುಗಳಿಗೂ ಅನ್ವಯಿಸಿ ಒಂದು ಆದೇಶ ಹೊರಡಿಸಿ ಎಂದು ಕೇಳಬೇಕು. ಸಾರ್ವಜನಿಕ ಆರೋಗ್ಯ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ. ಇದಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.