ಕೃತಕ ಸಿಹಿಯಿಲ್ಲದ ಪ್ರೋಟೀನ್ ಬಾರ್: ನಮ್ಮ ಕಾಳು, ನಮ್ಮ ಬೆಲ್ಲ, ನಮ್ಮ ಸಂಘಗಳು



ನಾಗರ ಪಂಚಮಿಗೆ ಶೇಂಗಾ ಉಂಡಿ, ಎಳ್ಳುಂಡಿ, ಪುಟಾಣಿ ಉಂಡಿ ಕಟ್ಟದ ಮನೆ ನಮ್ಮ ಭಾಗದಲ್ಲಿ ವಿರಳ. ಬಾಣಂತಿಗೆ ಅಂಟಿನುಂಡಿ ಕೊಡುವ ರೂಢಿಯೂ ಹಳೆಯದು. ಇವೇ ಪದಾರ್ಥಗಳು ಇಂದು ಚೌಕಾಕಾರದ ಪಟ್ಟಿಗಳಾಗಿ, ಹೊಳೆಯುವ ಹೊದಿಕೆಯೊಳಗೆ ‘ಪ್ರೋಟೀನ್ ಬಾರ್’ ಎಂಬ ಹೆಸರಿನಿಂದ ಪೇಟೆಯಲ್ಲಿ ಮಾರಾಟವಾಗುತ್ತಿವೆ. ಠಾಣಾ ಕುಶನೂರದಲ್ಲಿ ನಡೆದ ಸ್ವಸಹಾಯ ಸಂಘದ ಸಭೆಯೊಂದರಲ್ಲಿ ಸದಸ್ಯೆಯೊಬ್ಬರು, ತಮ್ಮ ಮಗ ಬೀದರದಿಂದ ತಂದಿದ್ದ ಅಂಥದೊಂದು ಬಾರನ್ನು ಮುಂದಿಟ್ಟು, “ಇದರಾಗ ಏನದ ಸರ್? ನಮಗ ಮಾಡ್ಲಾಕ ಬರಲ್ಲೇನು?” ಎಂದು ಕೇಳಿದರು. ಈ ಲೇಖನವು ಆ ಎರಡು ಪ್ರಶ್ನೆಗಳಿಗೆ ಉತ್ತರ ನೀಡುವ ಪ್ರಯತ್ನವಾಗಿದೆ.

ಮಾಡಲು ಖಂಡಿತ ಬರುತ್ತದೆ. ಆದರೆ ‘ನೈಸರ್ಗಿಕ’ ಎಂಬ ಪದವನ್ನು ಹೊದಿಕೆಯ ಮೇಲೆ ಅಚ್ಚು ಹಾಕಿದ ಮಾತ್ರಕ್ಕೆ ಆ ತಿನಿಸು ಪೌಷ್ಟಿಕವಾಗುವುದಿಲ್ಲ. ಬೆಲ್ಲದ ಪ್ರಮಾಣ, ಕಾಳಿನ ಒಣಗುವಿಕೆ ಮತ್ತು ದಾಸ್ತಾನಿನ ಶಿಸ್ತು ಈ ಮೂರು ಸರಿಯಿದ್ದಾಗ ಮಾತ್ರ ಅದು ಮಗುವಿನ ಕೈಗೆ ಕೊಡಲು ಯೋಗ್ಯ.

ಪೇಟೆಯ ಬಾರ್‌ನಲ್ಲಿ ಏನಿದೆ?

ಪೊಟ್ಟಣದ ಹಿಂಬದಿಯನ್ನು ಓದುವುದೇ ಇದನ್ನು ತಿಳಿಯುವ ಸುಲಭ ದಾರಿ. ಸಾಮಗ್ರಿಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ಕಾನೂನಿನ ನಿಯಮ. ಪಟ್ಟಿಯ ಮೊದಲಲ್ಲೇ ಸಕ್ಕರೆ, ಬೆಲ್ಲ ಅಥವಾ ಗ್ಲೂಕೋಸ್ ಪಾಕವಿದ್ದರೆ, ಅದನ್ನು ಪ್ರೋಟೀನಿನ ತಿನಿಸು ಎನ್ನುವುದಕ್ಕಿಂತ ಮಿಠಾಯಿ ಎನ್ನುವುದೇ ಸರಿ.

ಕೆಲವು ಬಾರ್‌ಗಳಲ್ಲಿ ಸಕ್ಕರೆಯ ಬದಲಿಗೆ ಸುಕ್ರಲೋಸ್, ಆಸ್ಪರ್ಟೇಮ್, ಅಸಿಸಲ್ಫೇಮ್ ಪೊಟ್ಯಾಸಿಯಂ ಮುಂತಾದ ಕೃತಕ ಸಿಹಿಕಾರಕಗಳಿರುತ್ತವೆ. ಇವು ಸಕ್ಕರೆಗಿಂತ ನೂರಾರು ಪಟ್ಟು ಸಿಹಿಯಾಗಿರುವುದರಿಂದ ಅತ್ಯಲ್ಪ ಪ್ರಮಾಣವೇ ಸಾಕಾಗುತ್ತದೆ. ಇಂಥ ಪೊಟ್ಟಣದ ಮೇಲೆ ಸಿಹಿಕಾರಕದ ಹೆಸರನ್ನೂ, ‘ಮಕ್ಕಳಿಗೆ ಶಿಫಾರಸು ಮಾಡುವುದಿಲ್ಲ’ ಎಂಬ ಸೂಚನೆಯನ್ನೂ ಮುದ್ರಿಸಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ಲೇಬಲ್ ನಿಯಮಗಳು ಹೇಳುತ್ತವೆ. ದೇಹತೂಕ ನಿಯಂತ್ರಣಕ್ಕಾಗಿ ಇಂಥ ಸಿಹಿಕಾರಕಗಳನ್ನು ಅವಲಂಬಿಸಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2023ರ ಮೇ ತಿಂಗಳಲ್ಲಿ ಸಲಹೆ ನೀಡಿದೆ. ಸೂಚನೆ ಸಣ್ಣ ಅಕ್ಷರದಲ್ಲಿ, ಬಹುತೇಕ ಇಂಗ್ಲಿಷಿನಲ್ಲಿ ಇರುವುದರಿಂದ ನಮ್ಮ ಊರಿನ ತಾಯಂದಿರ ಕಣ್ಣಿಗೆ ಬೀಳುವುದಿಲ್ಲ.

ಚಿಕ್ಕಿ ಶಾಲೆಯಿಂದ ಹೊರಬಿದ್ದದ್ದೇಕೆ?

ಮನೆಯ ಬೆಲ್ಲದ ತಿನಿಸೆಲ್ಲ ತಾನಾಗಿಯೇ ಒಳ್ಳೆಯದು ಎಂದು ಭಾವಿಸುವಂತೆಯೂ ಇಲ್ಲ. 2021ರ ಡಿಸೆಂಬರ್‌ನಲ್ಲಿ ಬೀದರ ಸೇರಿದಂತೆ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಮೊಟ್ಟೆ, ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ನೀಡುವ ಕ್ರಮ ಆರಂಭವಾಯಿತು. ಯೋಜನೆ ರಾಜ್ಯಕ್ಕೆ ವಿಸ್ತರಿಸಿದಾಗ ಶೇಂಗಾ ಚಿಕ್ಕಿಯೂ ಅದರಲ್ಲಿ ಸೇರಿತು. ಆದರೆ 2025ರ ಆರಂಭದಲ್ಲಿ ಶಿಕ್ಷಣ ಇಲಾಖೆಯು ಚಿಕ್ಕಿಯನ್ನು ಕೈಬಿಟ್ಟು, ಮೊಟ್ಟೆ ಮತ್ತು ಬಾಳೆಹಣ್ಣನ್ನು ಮಾತ್ರ ಉಳಿಸಿಕೊಂಡಿತು. ಸಕ್ಕರೆಯ ಅಂಶ ಹೆಚ್ಚೆಂಬುದು, ಕೊಬ್ಬಿನ ಬಗೆಗಿನ ಆಕ್ಷೇಪ, ದಾಸ್ತಾನಿನ ದೋಷಗಳು ಅದಕ್ಕೆ ಕಾರಣವಾದವು.

ಶೇಂಗಾ, ಬೆಲ್ಲ ಎರಡೂ ಕೆಟ್ಟ ಪದಾರ್ಥಗಳಲ್ಲ. ಕೆಟ್ಟಿದ್ದು ಅನುಪಾತ ಮತ್ತು ದಾಸ್ತಾನು. ನಮ್ಮ ಸಂಘಗಳು ಅದೇ ತಪ್ಪನ್ನು ಮಾಡಿದರೆ ಅವರು ಕಟ್ಟಿಕೊಂಡ ಗಿರಾಕಿಯೂ ಹೋಗುತ್ತದೆ, ಪಡೆದ ಸಾಲವೂ ತಲೆಯ ಮೇಲೆ ಉಳಿಯುತ್ತದೆ. ಆದ್ದರಿಂದ ಈ ಎರಡನ್ನೂ ಮೊದಲು ಅರಿಯೋಣ.

ಅನುಪಾತದ ಲೆಕ್ಕ

ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಪುಟಾಣಿಯಲ್ಲಿ 22 ಗ್ರಾಂ, ಎಳ್ಳಿನಲ್ಲಿ 18 ಗ್ರಾಂ, ಸೋಯಾ ಅವರೆಯಲ್ಲಿ 38 ಗ್ರಾಂನಷ್ಟು ಪ್ರೋಟೀನ್ ಇರುತ್ತದೆ. ಬೆಲ್ಲದಲ್ಲಿ ಅರ್ಧ ಗ್ರಾಂ ಸಹ ಇಲ್ಲ. ಬೆಲ್ಲ ಹೆಚ್ಚಿದಷ್ಟೂ ಪ್ರೋಟೀನ್ ಕುಗ್ಗುತ್ತದೆ.

ಒಂದು ಕಿಲೋ ಬಾರ್‌ಗೆ ಈ ಅಳತೆಯನ್ನು ಪರಿಗಣಿಸಬಹುದು: ಹುರಿದ ಶೇಂಗಾ 350 ಗ್ರಾಂ, ಪುಟಾಣಿ 200 ಗ್ರಾಂ, ಸೋಯಾ ಹಿಟ್ಟು 100 ಗ್ರಾಂ, ಎಳ್ಳು 50 ಗ್ರಾಂ, ಬೆಲ್ಲ 300 ಗ್ರಾಂ. ಇದರಲ್ಲಿ ಒಟ್ಟು ಸುಮಾರು 180 ಗ್ರಾಂ ಪ್ರೋಟೀನ್ ದೊರೆಯುತ್ತದೆ. 35 ಗ್ರಾಂ ತೂಕದ ಒಂದು ಬಾರ್‌ನಲ್ಲಿ 6 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಮೊಟ್ಟೆಯಷ್ಟು. 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 23 ಗ್ರಾಂ ಪ್ರೋಟೀನ್ ಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ನಿಗದಿಪಡಿಸಿದೆ. ಅದರ ಕಾಲು ಭಾಗ ಈ ಒಂದು ತುಂಡಿನಿಂದ ದೊರೆತಂತಾಯಿತು.

ಲೆಕ್ಕದ ಇನ್ನೊಂದು ಬದಿಯನ್ನೂ ಮುಚ್ಚಿಡಬಾರದು. ಇದೇ ತುಂಡಿನಲ್ಲಿ 10 ಗ್ರಾಂಗಿಂತ ತುಸು ಹೆಚ್ಚು ಬೆಲ್ಲವಿದೆ; ಒಟ್ಟು ಶಕ್ತಿ 160 ಕ್ಯಾಲೊರಿಯಷ್ಟು, ಅಂದರೆ ಮೊಟ್ಟೆಯ ಎರಡು ಪಟ್ಟು. ಶೇಂಗಾ, ಬೆಲ್ಲ ಸಮಸಮವಾಗಿ ಬೆರೆಸಿದ ಚಿಕ್ಕಿಯಾದರೆ ಅಷ್ಟೇ ತೂಕದಲ್ಲಿ ಬೆಲ್ಲ 17 ಗ್ರಾಂ ದಾಟುತ್ತದೆ, ಪ್ರೋಟೀನ್ 4 ಗ್ರಾಂ ಆಸುಪಾಸಿಗೆ ಇಳಿಯುತ್ತದೆ. ಬೆಲ್ಲವೂ, ಜೇನೂ ದೇಹಕ್ಕೆ ಸಕ್ಕರೆಯೇ ಆಗಿವೆ. ಖರ್ಜೂರದಲ್ಲೂ ಹೆಚ್ಚಿನ ಪಾಲು ಸಕ್ಕರೆಯೇ. ಆದ್ದರಿಂದ ಮಧುಮೇಹಿಗಳಿಗೆ ಇದು ಸಕ್ಕರೆಯಿಲ್ಲದ ತಿನಿಸು ಎಂದು ಹೇಳಿ ಮಾರುವುದು ಅಪಾಯಕಾರಿ. ನೂರು ಗ್ರಾಂನಲ್ಲಿ ಅರ್ಧ ಗ್ರಾಂಗಿಂತ ಹೆಚ್ಚು ಸಕ್ಕರೆಯಿದ್ದರೆ ‘ಸಕ್ಕರೆರಹಿತ’ ಎಂದು ಮುದ್ರಿಸಲು ನಿಯಮಗಳಲ್ಲಿ ಅವಕಾಶವೂ ಇಲ್ಲ. ‘ಕೃತಕ ಸಿಹಿಕಾರಕ ಬಳಸಿಲ್ಲ, ಬೆಲ್ಲ ಬಳಸಲಾಗಿದೆ’ ಎಂದು ಬರೆದರೆ ಮಾತು ನಿಜವೂ ಆಗುತ್ತದೆ, ಗಿರಾಕಿಗೆ ತಿಳಿಯಬೇಕಾದ್ದೂ ತಿಳಿಯುತ್ತದೆ.

ಕಾಳು ಬೆರೆಸುವುದಕ್ಕೂ ಕಾರಣವಿದೆ. ಶೇಂಗಾದ ಪ್ರೋಟೀನಿನಲ್ಲಿ ಲೈಸಿನ್, ಮಿಥಿಯೊನಿನ್ ಎಂಬ ಅಂಶಗಳು ಕಡಿಮೆ. ಕಡಲೆ ಮತ್ತು ಸೋಯಾ ಮೊದಲನೆಯದನ್ನು, ಎಳ್ಳು ಎರಡನೆಯದನ್ನು ತುಂಬಿಕೊಡುತ್ತವೆ. ಇದು ಹೊಸ ಆಲೋಚನೆಯಲ್ಲ. 1950ರಲ್ಲಿ ಸ್ಥಾಪನೆಯಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯು ಎಣ್ಣೆ ತೆಗೆದ ಶೇಂಗಾ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ‘ಇಂಡಿಯನ್ ಮಲ್ಟಿಪರ್ಪಸ್ ಫುಡ್’ ಎಂಬ ಪೌಷ್ಟಿಕ ಹಿಟ್ಟನ್ನು ರೂಪಿಸಿತ್ತು. ನಮ್ಮ ಅಜ್ಜಿಯರ ಪಂಚಮಿ ಡಬ್ಬಿಯಲ್ಲೂ ಇವೇ ಕಾಳುಗಳಿದ್ದವು.

ನಮ್ಮಲ್ಲಿ ಏನು ಬೆಳೆಯುತ್ತದೆ?

ರಾಜ್ಯದಲ್ಲಿ ಸೋಯಾ ಅವರೆ ಹೆಚ್ಚಾಗಿ ಬೆಳೆಯುವುದು ನಮ್ಮ ಬೀದರ ಜಿಲ್ಲೆಯಲ್ಲೇ. ಔರಾದ, ಭಾಲ್ಕಿ ಭಾಗದ ಹೊಲಗಳಲ್ಲಿ ಮುಂಗಾರಿನಲ್ಲಿ ಸೋಯಾ, ಉದ್ದು, ಹೆಸರು. ಹಿಂಗಾರಿನಲ್ಲಿ ಕಡಲೆ, ಜೋಳ ಕಾಣುತ್ತೇವೆ. ಕಬ್ಬು ಮತ್ತು ಬೆಲ್ಲ ಜಿಲ್ಲೆಯೊಳಗೇ ಲಭ್ಯ. ಶೇಂಗಾ ಮಾತ್ರ ನಮ್ಮ ಮುಖ್ಯ ಬೆಳೆಯಲ್ಲ. ಅದನ್ನು ಸಂತೆಯಿಂದ ಕೊಳ್ಳಬೇಕಾಗುತ್ತದೆ. ಸೋಯಾ ರಾಶಿಯಾದ ಕೂಡಲೇ ಎಣ್ಣೆ ಕಾರ್ಖಾನೆಯ ದಾರಿ ಹಿಡಿಯುತ್ತದೆ. ಅದನ್ನು ಬೆಳೆದ ಮನೆಯ ಮಗುವಿನ ತಾಟಿಗೆ ಅದು ಬರುವುದು ಅಪರೂಪ.

ಸೋಯಾವನ್ನು ಹಸಿಯಾಗಿ ಬೀಸಬಾರದು. ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಅಂಶ ಅದರಲ್ಲಿದ್ದು, ಶಾಖಕ್ಕೆ ಮಾತ್ರ ಕುಗ್ಗುತ್ತದೆ. ಕಾಳನ್ನು ಕುದಿಯುವ ನೀರಿನಲ್ಲಿ 25ರಿಂದ 30 ನಿಮಿಷ ಬೇಯಿಸಿ, ಸಿಪ್ಪೆ ತೆಗೆದು, ಚೆನ್ನಾಗಿ ಒಣಗಿಸಿ, ಹದವಾಗಿ ಹುರಿದು ಬೀಸಿಸಬೇಕು.

ತಯಾರಿಕೆಯ ಕ್ರಮ

ಬೆಲ್ಲಕ್ಕೆ ಸ್ವಲ್ಪ ನೀರು ಹಾಕಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಮಣ್ಣು ಕಸ ತೆಗೆದು ಮತ್ತೆ ಕಾಯಿಸಬೇಕು. ತಣ್ಣೀರಿನಲ್ಲಿ ಹಾಕಿದ ಹನಿ ಗಟ್ಟಿ ಉಂಡೆಯಾದರೆ ಪಾಕ ಸಿದ್ಧ. ಶೇಂಗಾದಲ್ಲಿ ಅರ್ಧವನ್ನು ತರಿಯಾಗಿ, ಉಳಿದರ್ಧವನ್ನು ಎಣ್ಣೆ ಬಿಡುವವರೆಗೆ ನುಣ್ಣಗೆ ಅರೆದು, ಪುಟಾಣಿ ಹಿಟ್ಟು, ಸೋಯಾ ಹಿಟ್ಟು, ಹುರಿದ ಎಳ್ಳಿನೊಂದಿಗೆ ಬಿಸಿ ಪಾಕಕ್ಕೆ ಬೆರೆಸಬೇಕು. ರುಚಿಗೆ ನಮ್ಮ ಜಿಲ್ಲೆಯ ಶುಂಠಿಯನ್ನು ಒಣಗಿಸಿ ಪುಡಿ ಮಾಡಿ ಹಾಕಬಹುದು. ಅಂಚುಳ್ಳ ತಾಟಿನಲ್ಲಿ ಸುರಿದು ಲಟ್ಟಣಿಗೆಯಿಂದ ಒತ್ತಿ, ಬೆಚ್ಚಗಿರುವಾಗಲೇ ಒಂದೇ ತೂಕದ ತುಂಡುಗಳಾಗಿ ಕತ್ತರಿಸಬೇಕು.

ಇಲ್ಲಿ ಎಲ್ಲರೂ ಮಾಡುವ ತಪ್ಪೊಂದಿದೆ. ಮಿಶ್ರಣ ಹಿಡಿಯದಿದ್ದರೆ ಕೈ ಬೆಲ್ಲದ ಕಡೆಗೆ ಹೋಗುತ್ತದೆ. ಅದರ ಬದಲು ಶೇಂಗಾವನ್ನು ಇನ್ನಷ್ಟು ಅರೆಯಬೇಕು. ಅದರಿಂದ ಹೊರಬರುವ ಎಣ್ಣೆ ಹಿಟ್ಟನ್ನು ಹಿಡಿದಿಡುತ್ತದೆ, ಬೆಲ್ಲದ ಪ್ರಮಾಣವೂ ಹೆಚ್ಚುವುದಿಲ್ಲ.

ಕಣ್ಣಿಗೆ ಕಾಣದ ಅಪಾಯ

ಒದ್ದೆಯಾದ ಶೇಂಗಾದಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉಂಟುಮಾಡುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಸಾವಿರಾರು ಟರ್ಕಿ ಕೋಳಿಗಳು ಸತ್ತಾಗ ಇದರ ಪತ್ತೆಯಾಯಿತು. ಇದು ಯಕೃತ್ತಿಗೆ ಹಾನಿಕಾರಕ, ದೀರ್ಘಕಾಲದಲ್ಲಿ ಕ್ಯಾನ್ಸರ್‌ಕಾರಕ. ಹುರಿದರೂ ಪೂರ್ತಿ ನಾಶವಾಗದು. ಆದ್ದರಿಂದ ಸುಕ್ಕುಗಟ್ಟಿದ, ಬಣ್ಣಗೆಟ್ಟ, ಒಡೆದ, ಬೂಷ್ಟು ಹಿಡಿದ ಕಾಳನ್ನು ಹುರಿಯುವ ಮೊದಲೇ ಆರಿಸಿ ಎಸೆಯಬೇಕು. ಕಹಿಯಾದ ಅಥವಾ ಕಮಟು ವಾಸನೆಯ ಕಾಳನ್ನು ‘ಬೆಲ್ಲದಾಗ ಗೊತ್ತಾಗಲ್ಲ’ ಎಂದು ಬೆರೆಸುವಂತಿಲ್ಲ. ಚೀಲಗಳನ್ನು ನೆಲದ ಮೇಲಿಡದೆ ಹಲಗೆಯ ಮೇಲೆ, ಗೋಡೆಯಿಂದ ದೂರವಿಡಬೇಕು.

ಬೆಲ್ಲ ಗಾಳಿಯ ತೇವವನ್ನು ಹೀರುವುದರಿಂದ ಮಳೆಗಾಲದಲ್ಲಿ ಬಾರ್ ಬೇಗ ಅಂಟಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಪೊಟ್ಟಣ ಕಟ್ಟಬೇಕು. ಪ್ರತಿ ಸಲದ ತಯಾರಿಕೆಯಿಂದ ನಾಲ್ಕು ಪೊಟ್ಟಣಗಳನ್ನು ದಿನಾಂಕ ಬರೆದು ತೆಗೆದಿಟ್ಟು, ವಾರಕ್ಕೊಂದರಂತೆ ತೆರೆದು ವಾಸನೆ, ರುಚಿ ನೋಡಿ ದಾಖಲಿಸಿದರೆ ಬಾಳಿಕೆಯ ಅವಧಿಯ ಅಂದಾಜು ಸಿಗುತ್ತದೆ. ಬೆಲ್ಲ ಕೊಳ್ಳುವಾಗ ಬಿಳುಪಿಗಾಗಿ ಹೈಡ್ರೋಸ್ ಹಾಕಿದ ತಿಳಿಹಳದಿ ಬೆಲ್ಲಕ್ಕೆ ಮಾರುಹೋಗಬಾರದು. ಗಾಣದವರನ್ನೇ ವಿಚಾರಿಸಿ, ರಾಸಾಯನಿಕ ಹಾಕದ ಬೆಲ್ಲವನ್ನು ಸಂಘದ ಹೆಸರಿನಲ್ಲಿ ಒಟ್ಟಾಗಿ ಕೊಳ್ಳುವುದು ಲೇಸು.

ಸಣ್ಣ ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ. ಗ್ರಾಮ ಪಂಚಾಯತ್‌ಗಳು ನಡೆಸುವ ‘ಕೂಸಿನ ಮನೆ’ಯಲ್ಲಿರುವುದು ಮೂರು ವರ್ಷದೊಳಗಿನ ಮಕ್ಕಳು. ಇಡೀ ಶೇಂಗಾ ಅಥವಾ ಗಟ್ಟಿ ತುಂಡು ಅವರ ಶ್ವಾಸನಾಳಕ್ಕೆ ಸಿಲುಕಬಹುದಾದ್ದರಿಂದ ಬಾರ್ ಅಥವಾ ಚಿಕ್ಕಿ ಅಲ್ಲಿಗೆ ಸಲ್ಲದು. ಶೇಂಗಾ, ಸೋಯಾ, ಎಳ್ಳು ಕೆಲವರಿಗೆ ಅಲರ್ಜಿ ಉಂಟುಮಾಡುವುದರಿಂದ ಪೊಟ್ಟಣದ ಮೇಲೆ ಅವುಗಳ ಹೆಸರು ಸ್ಪಷ್ಟವಾಗಿರಬೇಕು.

ಗ್ರಾಮ ಪಂಚಾಯತ್ ಮಾಡಬಹುದಾದ ಕೆಲಸ

ಬಾರ್ ತಯಾರಿಸುವುದು ಪಂಚಾಯತಿಯ ಕೆಲಸವಲ್ಲ. ತಯಾರಿಸುವ ಸಂಘಕ್ಕೆ ದಾರಿ ಮಾಡಿಕೊಡುವುದು ಅದರ ಕೆಲಸ. ಸದಸ್ಯರು ಈ ಕೆಳಗಿನ ಕ್ರಮಗಳನ್ನು ಪರಿಗಣಿಸಬಹುದು:

1. ಸಂಜೀವಿನಿ ಯೋಜನೆಯ ಗ್ರಾಮ ಪಂಚಾಯತ್ ಮಟ್ಟದ ಒಕ್ಕೂಟದೊಂದಿಗೆ ಚರ್ಚಿಸಿ, ಆಸಕ್ತ ಸಂಘವೊಂದನ್ನು ಗುರುತಿಸುವುದು. ಆರಂಭದಲ್ಲಿ ಒಂದು ಸಂಘ, ಒಂದೇ ತಿನಿಸು ಸಾಕು.

2. ಜನವಾಡದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಿಂದ ಕಾಳು ಸಂಸ್ಕರಣೆಯ ತರಬೇತಿ ಕೋರುವುದು. ಕಿರು ಆಹಾರ ಸಂಸ್ಕರಣಾ ಘಟಕಗಳಿಗಿರುವ ಸಾಲ ಸಹಾಯಧನದ ಸದ್ಯದ ಸ್ಥಿತಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿದ ನಂತರವೇ ಯಂತ್ರೋಪಕರಣದ ಮಾತು ಎತ್ತುವುದು.

3. ಆಹಾರ ಸುರಕ್ಷತಾ ನೋಂದಣಿ ಮಾಡಿಸಿ, 14 ಅಂಕಿಗಳ ಸಂಖ್ಯೆಯನ್ನು ಪೊಟ್ಟಣದ ಮೇಲೆ ಮುದ್ರಿಸಲು ನೆರವಾಗುವುದು. ಸಾಮಗ್ರಿ, ನಿವ್ವಳ ತೂಕ, ತಯಾರಿಕೆಯ ದಿನಾಂಕ, ಬಳಕೆಯ ಅವಧಿ, ಬೆಲೆ ಕನ್ನಡದಲ್ಲೂ ಇರಲಿ.

4. ಘಟಕಕ್ಕೆ ಬಳಸುವ ನೀರಿನ ಗುಣಮಟ್ಟ ಪರೀಕ್ಷೆ ಮಾಡಿಸುವುದು. ಖಾಲಿಯಿರುವ ಪಂಚಾಯತ್ ಕಟ್ಟಡ ಕೊಡುವುದಾದರೆ ಸೋರುವ ಛಾವಣಿಯನ್ನು ಮೊದಲು ದುರಸ್ತಿ ಮಾಡಿಸುವುದು.

5. ಅರಿವು ಕೇಂದ್ರದಲ್ಲಿ ತಿಂಗಳಿಗೊಮ್ಮೆ ಮಕ್ಕಳಿಂದಲೇ ಪೊಟ್ಟಣಗಳ ಹಿಂಬದಿಯನ್ನು ಓದಿಸುವುದು. ಇದಕ್ಕೆ ಅನುದಾನ ಬೇಕಿಲ್ಲ.

6. ಮಾರಾಟವನ್ನು ವಾರದ ಸಂತೆ, ಬಸ್ ನಿಲ್ದಾಣ, ಜಾತ್ರೆಗಳಿಂದ ಆರಂಭಿಸುವುದು. ಸರ್ಕಾರಿ ಆದೇಶ ಬರುತ್ತದೆಂಬ ಭರವಸೆಯ ಮೇಲೆ ಸಂಘದ ಸಾಲ ನಿಲ್ಲಬಾರದು.

ಅಂಗನವಾಡಿ ಮತ್ತು ಶಾಲೆಗಳ ಆಹಾರ ಪಟ್ಟಿಯನ್ನು ಸಂಬಂಧಿಸಿದ ಇಲಾಖೆಗಳೇ ನಿರ್ಧರಿಸುತ್ತವೆ. ಅಲ್ಲಿ ಮೊಟ್ಟೆಗೆ ಬದಲಾಗಿ ಇದನ್ನು ಕೊಡಿ ಎಂಬುದು ಈ ಲೇಖನದ ಸಲಹೆಯಲ್ಲ. ರೊಟ್ಟಿ, ಬ್ಯಾಳಿ, ಪಲ್ಯ, ಮೊಸರು ಇರುವ ಊಟದ ಸ್ಥಾನವನ್ನೂ ಯಾವ ಬಾರ್ ತುಂಬಲಾರದು. ಸಂಜೆ ಹಸಿದ ಮಗು ಅಂಗಡಿಗೆ ಹೋದಾಗ ಐದು ಹತ್ತು ರೂಪಾಯಿಗೆ ಏನು ಸಿಗುತ್ತದೆ ಎಂಬಷ್ಟೇ ನಮ್ಮ ಮುಂದಿರುವ ಪ್ರಶ್ನೆ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯವನ್ನು ಸೇರಿಸಿ, ಸಭೆಗೆ ಒಕ್ಕೂಟದ ಪದಾಧಿಕಾರಿಗಳನ್ನು ಆಹ್ವಾನಿಸಬೇಕೆಂದು ಕೋರುತ್ತೇನೆ. ಬರುವಾಗ ಅವರು ಮನೆಯಲ್ಲಿ ಮಾಡಿದ ಒಂದು ತಾಟು ಬಾರ್ ಮತ್ತು ಅದಕ್ಕೆ ಹಾಕಿದ ಪ್ರತಿಯೊಂದು ಪದಾರ್ಥದ ತೂಕ ಬರೆದ ಚೀಟಿಯನ್ನು ತರಲಿ. ಸದಸ್ಯರು ರುಚಿ ನೋಡುವ ಮೊದಲು ಆ ಚೀಟಿಯಲ್ಲಿ ಬೆಲ್ಲದ ಸಾಲನ್ನು ನೋಡಲಿ.